ದವಾಖಾನೆ ಕಟ್ಟೋದು ಸುಲಭ, ಕುರ್ಚಿ ತುಂಬೋದು ಕಷ್ಟ

ಈ ಸಲ ಸಂಪಾದಕರು ಕಳಿಸಿದ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಪತ್ರ ಒಂದೇ ವಿಷಯದ ಸುತ್ತ ತಿರುಗುತ್ತಿದ್ದವು. ಸರ್ಕಾರಿ ದವಾಖಾನೆಗೆ ರೊಕ್ಕ ಎಲ್ಲಿಂದ ಬರುತ್ತದೆ? ಬಂದರೂ ಅಲ್ಲಿ ಮಂದಿ ಯಾಕೆ ಇರುವುದಿಲ್ಲ? ಹಾಗಾಗಿ ಪಿಂಚಣಿ, ರೇಷನ್ ಕಾರ್ಡ್, ಪಹಣಿ ಪತ್ರಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ, ಸಿಸ್ಟರೂ ಅಲ್ಲ. ಕಲಬುರಗಿಯಲ್ಲಿ ಆರೋಗ್ಯ ಇಲಾಖೆಯ ಕಚೇರಿಯೊಂದರಲ್ಲಿ 33 ವರ್ಷ ಪಗಾರದ ಬಿಲ್ಲು ಬರೆದವಳು. ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಅಧೀಕ್ಷಕಿಯಾಗಿ ಹೊರಗೆ ಬಂದೆ. ಜ್ವರಕ್ಕೆ ಯಾವ ಗುಳಿಗೆ ಅಂತ ನನ್ನನ್ನು ಕೇಳಬೇಡಿ. ಆ ಗುಳಿಗೆಯ ಬಿಲ್ಲು ಯಾವ ಲೆಕ್ಕಕ್ಕೆ ಬೀಳುತ್ತದೆ ಅಂತ ಕೇಳಿ, ಹೇಳುತ್ತೇನೆ.

ಅಕ್ಕಾವ್ರೇ, ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸ ಕಟ್ಟಡ ಆಗಿ ಎರಡು ವರ್ಷ ಆಯಿತು. ಟೈಲ್ಸ್, ಗ್ಲಾಸಿನ ಬಾಗಿಲು, ಸೋಲಾರ್ ಎಲ್ಲಾ ಇದೆ. ಆದರೆ ಮೂರು ವರ್ಷದಲ್ಲಿ ಮೂರು ಡಾಕ್ಟರ್ ಬದಲಾದರು. ಈಗ ವಾರಕ್ಕೆರಡು ದಿನ ಪಕ್ಕದೂರಿನವರು ಬಂದು ಹೋಗುತ್ತಾರೆ. ಕಟ್ಟಡಕ್ಕೆ ಕೋಟಿ ಸಿಗುತ್ತದೆ, ಒಬ್ಬ ಡಾಕ್ಟರಿಗೆ ಪಗಾರ ಕೊಡಲು ಸರ್ಕಾರದ ಹತ್ತಿರ ದುಡ್ಡಿಲ್ಲವೇ?
— ಓದುಗರು, ಚಿಂಚೋಳಿ ತಾಲೂಕು

ಅಣ್ಣಾವ್ರೇ, ದುಡ್ಡಿದೆ. ಆದರೆ ಕಟ್ಟಡದ ದುಡ್ಡು ಬೇರೆ, ಪಗಾರದ ದುಡ್ಡು ಬೇರೆ. ಒಂದರದ್ದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ.

ಸರ್ಕಾರದ ಲೆಕ್ಕದಲ್ಲಿ ಪ್ರತಿ ಖರ್ಚಿಗೂ ಒಂದು ನಂಬರ್ ಇರುತ್ತದೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ 2210. ಪಗಾರ, ಗುಳಿಗೆ, ಕರೆಂಟ್ ಬಿಲ್ಲು ಇಂಥ ದಿನನಿತ್ಯದ ಖರ್ಚೆಲ್ಲ ಅದರಡಿ. ಕುಟುಂಬ ಕಲ್ಯಾಣಕ್ಕೆ 2211. ಕಟ್ಟಡ ಕಟ್ಟುವುದಾದರೆ 4210. ಈ ಮೂರು ನಂಬರ್ ನನಗೆ ನನ್ನ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿವೆ. ಎರಡರಿಂದ ಶುರುವಾಗುವುದು ತಿಂಗಳು ತಿಂಗಳು ಹೋಗುವ ಖರ್ಚು. ನಾಲ್ಕರಿಂದ ಶುರುವಾಗುವುದು ಒಮ್ಮೆ ಮಾಡಿ ಕೈ ತೊಳೆದುಕೊಳ್ಳುವ ಖರ್ಚು. ನಮ್ಮ ಭಾಗದಲ್ಲಿ ಇದರ ಜೊತೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ರೊಕ್ಕವೂ ಇದೆ. 2023-24ರಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಇಟ್ಟರು. ಅದರಲ್ಲಿ ರಸ್ತೆ, ಶಾಲೆ ಕೋಣೆ, ದವಾಖಾನೆ ಕಟ್ಟಬಹುದು. ಕಾಯಂ ಡಾಕ್ಟರಿಗೆ ಮೂವತ್ತು ವರ್ಷ ಪಗಾರ ಕೊಡಲು ಆಗುವುದಿಲ್ಲ.

ಕಟ್ಟಡಕ್ಕೆ ಶಾಸಕರು ಪತ್ರ ಕೊಟ್ಟರೆ ಕ್ರಿಯಾ ಯೋಜನೆಗೆ ಸೇರುತ್ತದೆ, ಟೆಂಡರ್ ಆಗುತ್ತದೆ, ಟೇಪ್ ಕತ್ತರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹುದ್ದೆಯ ದಾರಿ ಹಾಗಲ್ಲ. ಮೊದಲು ಇಲಾಖೆ ಪ್ರಸ್ತಾವನೆ ಕಳಿಸಬೇಕು. ಆರ್ಥಿಕ ಇಲಾಖೆ ಒಪ್ಪಬೇಕು. ಅವರು ಸುಮ್ನೆ ಒಪ್ಪುವುದಿಲ್ಲ. ಯಾಕೆಂದರೆ ಒಂದು ಹುದ್ದೆ ಅಂದರೆ ಒಬ್ಬ ಮನುಷ್ಯನ ಇಡೀ ಸರ್ವಿಸ್‌ನ ಪಗಾರ, ತುಟ್ಟಿಭತ್ಯೆ, ಕೊನೆಗೆ ನಿವೃತ್ತಿ ಖರ್ಚು. ಒಪ್ಪಿದ ಮೇಲೆ ಆದೇಶ, ಆಮೇಲೆ ಅಧಿಸೂಚನೆ, ಅರ್ಜಿ, ಆಯ್ಕೆ ಪಟ್ಟಿ, ಆಕ್ಷೇಪಣೆ, ಜಾತಿ ಪ್ರಮಾಣಪತ್ರದ ಸಿಂಧುತ್ವ, ನಮ್ಮ ಭಾಗದವರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ಅರ್ಹತೆಯ ತಪಾಸಣೆ, ಸ್ಥಳ ನಿಯುಕ್ತಿ. ಅಷ್ಟರಲ್ಲಿ ಆಯ್ಕೆಯಾದವರಲ್ಲಿ ಕೆಲವರು ಪಿ.ಜಿ. ಸೀಟು ಸಿಕ್ಕಿ ಹೋಗಿರುತ್ತಾರೆ.

ನಾನು ಸರ್ವಿಸ್‌ನಲ್ಲಿದ್ದಾಗ ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ ಸ್ಟಾಕ್ ತಪಾಸಣೆಗೆ ಹೋಗಿದ್ದೆ. ಊರ ಹೆಸರು ಬೇಡ. ಅಲ್ಲಿ ಒಂದು ಕೋಣೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 'ಎಕ್ಸ್‌ರೇ' ಅಂತ ಬರೆದಿತ್ತು. ಬೀಗ ತೆಗೆಸಿದೆ. ಯಂತ್ರದ ಮೇಲೆ ಆಯಾ ತನ್ನ ಹಳೇ ಸೀರೆ ಹೊಲಿದು ಮಾಡಿದ ಮುಸುಕು ಹಾಕಿದ್ದಳು. ಸುತ್ತ ಪಲ್ಸ್ ಪೋಲಿಯೊದ ಲಸಿಕೆ ಡಬ್ಬಿಗಳು, ಸುತ್ತಿಟ್ಟ ಬ್ಯಾನರು. ಮುಸುಕು ಎತ್ತಿದರೆ ಯಂತ್ರ ಹೊಸದು, ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ ಕೂಡ ಹರಿದಿಲ್ಲ. ಯಂತ್ರ ಒಂದು ಯೋಜನೆಯಲ್ಲಿ ಬಂದಿತ್ತು. ಅದನ್ನು ನಡೆಸುವ ಟೆಕ್ನಿಶಿಯನ್ ಹುದ್ದೆ ಆ ಕೇಂದ್ರಕ್ಕೆ ಮಂಜೂರೇ ಆಗಿರಲಿಲ್ಲ. ಮೂಳೆ ಮುರಿದವರು ಎದುರಿನ ಖಾಸಗಿ ಲ್ಯಾಬಿಗೆ ಹೋಗುತ್ತಿದ್ದರು. ನಾನು ರಿಜಿಸ್ಟರಿನಲ್ಲಿ 'ಒಂದು, ಸುಸ್ಥಿತಿಯಲ್ಲಿದೆ' ಅಂತ ಬರೆದು ಸಹಿ ಮಾಡಿ ಬಂದೆ. ಬರೆದದ್ದು ಸುಳ್ಳಲ್ಲ.

ನಿಮ್ಮ ಮೂರು ಡಾಕ್ಟರ್ ವಿಷಯಕ್ಕೆ ಬರುತ್ತೇನೆ. ನೀವು ಬರೆದಿದ್ದನ್ನು ನೋಡಿದರೆ ಬಂದವರು ಕಡ್ಡಾಯ ಸೇವೆಯವರಿರಬೇಕು. ನಮ್ಮ ರಾಜ್ಯದಲ್ಲಿ 2012ರ ಕಾಯ್ದೆ ಪ್ರಕಾರ ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕಿತ್ತು; 2023ರ ತಿದ್ದುಪಡಿ ಆದ ಮೇಲೆ ಹುದ್ದೆ ಖಾಲಿ ಇದ್ದರೆ ಮಾತ್ರ. ವರ್ಷ ಮುಗಿಯಿತು, ಹೊರಟರು. ಊರಿನವರಿಗೆ ಅವರ ಮುಖ ಪರಿಚಯ ಆಗುವಷ್ಟರಲ್ಲಿ ಬಸ್ ಹತ್ತಿರುತ್ತಾರೆ. ಅವರನ್ನು ಬೈಯಬೇಡಿ. 24-25 ವಯಸ್ಸಿನ ಮಕ್ಕಳು. ಕ್ವಾರ್ಟರ್ಸ್‌ಗೆ ನೀರಿಲ್ಲ, ರಾತ್ರಿ ಹೆರಿಗೆ ಬಂದರೆ ಜೊತೆಗೆ ಒಬ್ಬರೇ ಸಿಸ್ಟರ್.

ಇನ್ನೊಂದು ಕಾಯಿಲೆ ನಿಯೋಜನೆ. ಡಾಕ್ಟರ ಹೆಸರು ನಿಮ್ಮೂರಿನ ಪಟ್ಟಿಯಲ್ಲಿ, ಕೆಲಸ ಜಿಲ್ಲಾ ಕೇಂದ್ರದಲ್ಲಿ. ಪಗಾರದ ಬಿಲ್ಲು ನೋಡಿದರೆ ಹುದ್ದೆ ಭರ್ತಿಯಾಗಿದೆ. ದವಾಖಾನೆಗೆ ಹೋಗಿ ನೋಡಿದರೆ ಕುರ್ಚಿ ಖಾಲಿ. ಇಂಥ ಬಿಲ್ಲುಗಳನ್ನು ನಾನೇ ಕೈಯಾರೆ ಬರೆದಿದ್ದೇನೆ, ಮುಚ್ಚಿಡುವುದೇನಿದೆ.

ಮುಂದೆ ಸ್ವಲ್ಪ ಸರಿಹೋಗಬಹುದು ಅನ್ನುವುದಕ್ಕೆ ನನಗೊಂದು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದಾಗ ಈ ಭಾಗದಲ್ಲಿ ಡಾಕ್ಟರ್ ಓದಲು ಸಿಗುತ್ತಿದ್ದದ್ದು ಖಾಸಗಿ ಕಾಲೇಜು ಮಾತ್ರ. ಸರ್ಕಾರಿ ಕಾಲೇಜು ಅಂದರೆ ದೂರದ ಬಳ್ಳಾರಿಯದ್ದು. ಈಗ ಬೀದರಿನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್ ಮತ್ತು ಕಾರ್ಮಿಕರ ವಿಮೆಯ ಇಎಸ್‌ಐ ಕಾಲೇಜು, ಯಾದಗಿರಿಯಲ್ಲಿ ಯಿಮ್ಸ್ ಇವೆ. 371(ಜೆ) ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಇಲ್ಲಿನ ಮಕ್ಕಳಿಗೆ. ತೊಗರಿ ಹೊಲ ನೋಡಿ ಬೆಳೆದ ಹುಡುಗಿ ಡಾಕ್ಟರ್ ಆದರೆ ಚಿಂಚೋಳಿ ಅವಳಿಗೆ ಶಿಕ್ಷೆಯ ಊರು ಅನ್ನಿಸುವುದಿಲ್ಲ, ಅಲ್ವಾ?

ಈಗ ನೀವು ಮಾಡಬೇಕಾದದ್ದು. ಮಾಹಿತಿ ಹಕ್ಕಿನಲ್ಲಿ ತಾಲೂಕು ಆರೋಗ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಆದರೆ ಅದೂ ಇಲ್ಲ. ಮೂರೇ ಪ್ರಶ್ನೆ ಕೇಳಿ. ನಮ್ಮ ಕೇಂದ್ರಕ್ಕೆ ಮಂಜೂರಾದ ಹುದ್ದೆ ಎಷ್ಟು? ಭರ್ತಿಯಾದದ್ದು ಎಷ್ಟು? ಭರ್ತಿಯಾದವರಲ್ಲಿ ಬೇರೆ ಕಡೆ ನಿಯೋಜನೆಯಲ್ಲಿ ಇರುವವರು ಎಷ್ಟು? ಮೂರನೆಯದನ್ನು ಮರೆಯಬೇಡಿ. ಮೊದಲ ಎರಡಕ್ಕೆ ಉತ್ತರ ಸಲೀಸಾಗಿ ಬರುತ್ತದೆ.

ಅಕ್ಕನ ಮಗ ಬ್ರಿಟನ್ನಿನಲ್ಲಿ ನರ್ಸ್. ಅಲ್ಲಿ ದವಾಖಾನೆಯಲ್ಲಿ ಬಿಲ್ ಕೌಂಟರೇ ಇಲ್ಲ, ಎಲ್ಲಾ ಪುಕ್ಕಟೆ ಅನ್ನುತ್ತಾನೆ. ನಮ್ಮಲ್ಲಿ ಯಾಕೆ ಹಾಗೆ ಮಾಡುವುದಿಲ್ಲ? ನಾವೂ ಟ್ಯಾಕ್ಸ್ ಕಟ್ಟುತ್ತೇವಲ್ಲ?
— ಓದುಗರು, ಬೀದರ್

ಪುಕ್ಕಟೆ ಅಲ್ಲ, ಮುಂಗಡ ಕೊಟ್ಟಿದ್ದು ಅಂತ ಅವನಿಗೆ ಹೇಳಿ. ಅವರ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನಡೆಯುವುದು ಬಹುಪಾಲು ಜನರ ತೆರಿಗೆಯಿಂದ, ಒಂದು ಪಾಲು ಪಗಾರದಲ್ಲಿ ಮುರಿಯುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯಿಂದ. ಅವನ ಪಗಾರದ ಚೀಟಿಯಲ್ಲಿ ಎರಡೂ ಕಾಣುತ್ತವೆ, ನೋಡಲಿ. ಇಂಗ್ಲೆಂಡಿನಲ್ಲಾದರೆ ಡಾಕ್ಟರ್ ಬರೆದ ಪ್ರತಿ ಔಷಧಿಗೆ 9.90 ಪೌಂಡ್ ಕೊಡಬೇಕು. ಮಕ್ಕಳು, ವಯಸ್ಸಾದವರು, ಬಡವರಿಗೆ ಮಾಫಿ. ಪಕ್ಕದ ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಈ ಶುಲ್ಕವೇ ಇಲ್ಲ. ಶಸ್ತ್ರಚಿಕಿತ್ಸೆ ಇತ್ಯಾದಿಗೆ ಕಾಯುವ ಪಟ್ಟಿ ಇಂಗ್ಲೆಂಡ್ ಒಂದರಲ್ಲೇ 70 ಲಕ್ಷ ದಾಟಿದೆ. ಮೊಣಕಾಲು ನೋವಿನವರು ತಿಂಗಳುಗಟ್ಟಲೆ ಕಾಯುತ್ತಾರೆ. ಇನ್ನೊಂದು ತಮಾಷೆ. ಬೇರೆ ದೇಶದಿಂದ ಹೋದವರು ವೀಸಾ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಬೇಕು. ನಿಮ್ಮ ಹುಡುಗ ನರ್ಸ್ ವೀಸಾದಲ್ಲಿ ಹೋಗಿದ್ದರೆ ಅದು ಮಾಫಿ, ಯಾಕೆಂದರೆ ಅವರಿಗೆ ಇವನೇ ಬೇಕು. ಅಲ್ಲಿಯೂ ಕುರ್ಚಿ ಖಾಲಿ ಇವೆ, ಅವರು ನಮ್ಮಿಂದ ತುಂಬಿಕೊಳ್ಳುತ್ತಾರೆ. ಬೀದರಿನಲ್ಲಿ ನರ್ಸಿಂಗ್ ಓದಿಸಿದ ಖರ್ಚು ನಿಮ್ಮ ಮನೆಯದ್ದು, ಕೆಲಸ ಲಂಡನ್ನಿಗೆ.

ಆದರೂ ಅವರ ವ್ಯವಸ್ಥೆಯನ್ನು ನಾನು ಕೀಳು ಮಾಡುವುದಿಲ್ಲ. ರೋಗಿ ಬಂದಾಗ ಮೊದಲು ಜೇಬು ಮುಟ್ಟಿ ನೋಡುವುದಿಲ್ಲ, ಅದು ದೊಡ್ಡದು. ಅದು ಶುರುವಾದದ್ದು 1948ರ ಜುಲೈ 5ರಂದು. ಯುದ್ಧದಲ್ಲಿ ಸುಟ್ಟು, ಸಕ್ಕರೆಗೂ ರೇಷನ್ ಇದ್ದ ದೇಶ. ಅಂದಿನ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿ ಬಂದವನು. ಮೂರೇ ವರ್ಷಕ್ಕೆ, ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ದುಡ್ಡು ತೆಗೆದುಕೊಳ್ಳೋಣ ಅಂತ ಅವನದೇ ಸರ್ಕಾರ ಹೊರಟಾಗ ರಾಜೀನಾಮೆ ಕೊಟ್ಟು ಹೊರಬಂದ. ಅವರು ಎನ್‌ಎಚ್‌ಎಸ್ ಶುರು ಮಾಡಿದ ದಿನ ನಮ್ಮ ಕಲಬುರಗಿ, ಬೀದರ್ ಇನ್ನೂ ನಿಜಾಮನ ಕೈಯಲ್ಲಿದ್ದವು. ನಮಗೆ ಬಿಡುಗಡೆ ಸಿಕ್ಕಿದ್ದು ಅದೇ ಸೆಪ್ಟೆಂಬರ್ 17ಕ್ಕೆ.

ನಮ್ಮಲ್ಲಿ ಯೋಚನೆ ಇರಲಿಲ್ಲ ಅಂತಲ್ಲ. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ 1946ರಲ್ಲೇ ಭೋರ್ ಸಮಿತಿ ವರದಿ ಕೊಟ್ಟಿತ್ತು. ದುಡ್ಡಿಲ್ಲ ಅಂತ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂದಿತ್ತು. ತಕ್ಷಣಕ್ಕೆ 40,000 ಜನರಿಗೊಂದು ಕೇಂದ್ರ, ಅದರಲ್ಲಿ ಇಬ್ಬರು ಡಾಕ್ಟರ್ ಇರಲಿ ಅಂದಿತ್ತು. ಇವತ್ತಿನ ನಿಯಮ ಬಯಲು ಸೀಮೆಯಲ್ಲಿ 30,000 ಜನರಿಗೊಂದು ಕೇಂದ್ರ. ಕೇಂದ್ರಗಳೇನೋ ಆದವು. ಆ ಎರಡನೇ ಡಾಕ್ಟರನ್ನು ನಮ್ಮ ಕಡೆ ನಾನಂತೂ ಹೆಚ್ಚು ಕಂಡಿಲ್ಲ.

ಈಗ ನಿಮ್ಮ ಟ್ಯಾಕ್ಸ್ ಪ್ರಶ್ನೆ. ಹೌದು, ಎಲ್ಲರೂ ಕಟ್ಟುತ್ತೇವೆ. ಸೋಪು ಕೊಂಡರೂ ಕಟ್ಟುತ್ತೇವೆ, ಪೆಟ್ರೋಲ್ ಹಾಕಿಸಿದರೂ ಕಟ್ಟುತ್ತೇವೆ. ಕುಡುಕರು ಎಲ್ಲರಿಗಿಂತ ಜಾಸ್ತಿ ಕಟ್ಟುತ್ತಾರೆ, ಆಮೇಲೆ ದವಾಖಾನೆಗೂ ಅವರೇ ಜಾಸ್ತಿ ಬರುತ್ತಾರೆ. ಆ ಮಾತು ಬಿಡಿ. ಸಂವಿಧಾನದಲ್ಲಿ ಆಸ್ಪತ್ರೆ ರಾಜ್ಯದ ವಿಷಯ. ಹಾಗಾಗಿ ದೊಡ್ಡ ಹೊರೆ ರಾಜ್ಯದ ಬಜೆಟ್ಟಿನ ಮೇಲೆ. 2025-26ರಲ್ಲಿ ನಮ್ಮ ರಾಜ್ಯ ಆರೋಗ್ಯಕ್ಕೆ ಇಟ್ಟದ್ದು 17,473 ಕೋಟಿ. ಇಡೀ ಬಜೆಟ್ಟಿನಲ್ಲಿ ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳು ನೂರಕ್ಕೆ ಎಂಟಕ್ಕಿಂತ ಹೆಚ್ಚು ಇಡಬೇಕು ಅಂದಿತ್ತು. ಅದೂ 2020ರೊಳಗೆ.

ರಾಜ್ಯದ ಬಜೆಟ್ ಬಿಟ್ಟರೆ ರೊಕ್ಕ ಬರುವ ಎರಡನೇ ನಳ ರಾಷ್ಟ್ರೀಯ ಆರೋಗ್ಯ ಅಭಿಯಾನ, ನಾವು ಎನ್‌ಎಚ್‌ಎಂ ಅನ್ನುವುದು. 2005ರಲ್ಲಿ ಗ್ರಾಮೀಣ ಭಾಗಕ್ಕೆ ಅಂತ ಶುರುವಾಯಿತು. ನೂರು ರೂಪಾಯಿ ಖರ್ಚಾದರೆ ಕೇಂದ್ರದ್ದು 60, ರಾಜ್ಯದ್ದು 40. ಗುತ್ತಿಗೆ ನರ್ಸ್, ಲ್ಯಾಬ್ ಟೆಕ್ನಿಶಿಯನ್, ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿ, ಇವರ ಪಗಾರವೆಲ್ಲ ಇದರಲ್ಲಿ. ನಿಮ್ಮ ದವಾಖಾನೆಯಲ್ಲಿ ಅಕ್ಕಪಕ್ಕ ಕೂತು ಒಂದೇ ಕೆಲಸ ಮಾಡುವ ಇಬ್ಬರು ಸಿಸ್ಟರ್ ಇರಬಹುದು. ಒಬ್ಬಳದ್ದು ಕಾಯಂ, ಇನ್ನೊಬ್ಬಳದ್ದು ವರ್ಷ ವರ್ಷ ನವೀಕರಣ. ಪಗಾರದಲ್ಲಿ ಅಜಗಜಾಂತರ. ಕೇಂದ್ರದ ಕಂತು ತಡವಾದರೆ, ಅಥವಾ ರಾಜ್ಯದ 40 ಸೇರುವುದು ತಡವಾದರೆ, ಎರಡನೆಯವಳಿಗೆ ತಿಂಗಳ ಮೊದಲ ವಾರ ಪಗಾರ ಇಲ್ಲ. 'ಮೇಡಂ, ಬಂತಾ?' ಅಂತ ಫೋನ್ ಮಾಡುತ್ತಿದ್ದವರ ದನಿ ಈಗಲೂ ಕಿವಿಯಲ್ಲಿದೆ. 'ಮಗುವಿನ ಶಾಲೆ ಫೀಸಿದೆ ಮೇಡಂ' ಅಂತ ಕೊನೆಗೆ ಸೇರಿಸುತ್ತಿದ್ದರು, ನಾನೇ ತಡೆದಿಟ್ಟ ಹಾಗೆ.

ಆದಾಯ ತೆರಿಗೆ ಕಟ್ಟುವವರು ಅದರ ಮೇಲೆ ನೂರಕ್ಕೆ 4ರಂತೆ ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ಟುತ್ತಾರೆ. ಸೆಸ್ ಅಂದರೆ ಕೇಂದ್ರ ತಾನೇ ಇಟ್ಟುಕೊಳ್ಳುವ ರೊಕ್ಕ. ಬೇರೆ ತೆರಿಗೆಯ ಹಾಗೆ ರಾಜ್ಯಗಳಿಗೆ ಪಾಲು ಹಂಚಬೇಕಿಲ್ಲ.

ಇಷ್ಟೆಲ್ಲ ಸೇರಿಸಿದರೂ 2021-22ರ ರಾಷ್ಟ್ರೀಯ ಲೆಕ್ಕದ ಪ್ರಕಾರ ಸರ್ಕಾರಗಳೆಲ್ಲ ಕೂಡಿ ಆರೋಗ್ಯಕ್ಕೆ ಹಾಕಿದ್ದು ದೇಶದ ಒಟ್ಟು ಉತ್ಪನ್ನದ 1.84 ಪರ್ಸೆಂಟ್. 2025ಕ್ಕೆ 2.5 ಮುಟ್ಟಬೇಕೆಂಬುದು ಗುರಿಯಾಗಿತ್ತು. ಜನ ತಮ್ಮ ಜೇಬಿಂದ ಹಾಕುವ ಪಾಲು ಮಾತ್ರ ಇಳಿದಿದೆ. 2013-14ರಲ್ಲಿ ಒಟ್ಟು ಆರೋಗ್ಯ ಖರ್ಚಿನ 64.2 ಪರ್ಸೆಂಟ್ ಇದ್ದದ್ದು 2021-22ಕ್ಕೆ 39.4. ಕಾಗದದ ಮೇಲೆ ನೋಡಿ ಖುಷಿಯಾಯಿತು. ನಮ್ಮ ಓಣಿಯ ಮೆಡಿಕಲ್ ಅಂಗಡಿ ಮುಂದಿನ ಸಾಲು ಇಳಿದದ್ದು ನನಗೆ ಕಂಡಿಲ್ಲ.

ನಮ್ಮ ಅವ್ವ ಆಶಾ ಕಾರ್ಯಕರ್ತೆ. ನನ್ನ ಕಾಲೇಜಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಪಗಾರ ಸ್ಲಿಪ್ ತನ್ನಿ ಅಂದರು. ಅವ್ವನ ಹತ್ತಿರ ಸ್ಲಿಪ್ಪೇ ಇಲ್ಲ. ಅವಳು ಸರ್ಕಾರಿ ನೌಕರಳಲ್ಲವೇ?
— ಓದುಗಿ, ಸುರಪುರ ತಾಲೂಕು

ಅಲ್ಲ ಮಗಳೇ. ಬರೆಯುವಾಗ ನನಗೇ ಕಸಿವಿಸಿಯಾಗುತ್ತದೆ. ಕಾಗದದ ಪ್ರಕಾರ ನಿನ್ನ ಅವ್ವ ಸ್ವಯಂಸೇವಕಿ. ಅವಳಿಗೆ ಬರುವುದಕ್ಕೆ ಪಗಾರ ಅನ್ನುವುದಿಲ್ಲ. ರಾಜ್ಯ ಕೊಡುವ 5,000 ರೂಪಾಯಿಗೆ ಗೌರವಧನ ಅನ್ನುತ್ತಾರೆ. ಕೆಲಸ ಲೆಕ್ಕ ಹಾಕಿ ಕೊಡುವುದಕ್ಕೆ ಪ್ರೋತ್ಸಾಹಧನ ಅನ್ನುತ್ತಾರೆ. ಪಗಾರ ಇಲ್ಲದ ಮೇಲೆ ಸ್ಲಿಪ್ ಎಲ್ಲಿಂದ ಬರಬೇಕು.

ಒಂದು ಲೆಕ್ಕ ಹೇಳುತ್ತೇನೆ, ಬ್ಯಾಂಕಿನವರಿಗೂ ಹೇಳು. ದವಾಖಾನೆಯಲ್ಲಿ ಹೆರಿಗೆಯಾಗಿ ಬಾಣಂತಿ ಮನೆಗೆ ಬಂದ ಮೇಲೆ ಆಶಾ ಆರು ಸಲ ಆ ಮನೆಗೆ ಹೋಗಬೇಕು. ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು. ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ಹಾಕಿ ತೂಗಬೇಕು, ಮೈ ಬಿಸಿ ನೋಡಬೇಕು, ಹಾಲು ಕುಡಿಯುತ್ತದೋ ನೋಡಬೇಕು, ಎಲ್ಲಾ ಫಾರಂನಲ್ಲಿ ತುಂಬಬೇಕು. ಆರೂ ಭೇಟಿ ಮುಗಿದರೆ 250 ರೂಪಾಯಿ. ಒಂದು ಸಲಕ್ಕೆ 42 ರೂಪಾಯಿಯೂ ಬೀಳುವುದಿಲ್ಲ. ಆ ಮನೆ ಊರಾಚೆ ಹೊಲದಲ್ಲಿದ್ದರೆ ಆಟೋಕ್ಕೇ ಅಷ್ಟಾಗುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಅವತ್ತು ಪೇಪರಿನಲ್ಲಿ ಗುಲಾಬಿ ಸೀರೆಯ ಫೋಟೊ ನೋಡಿ ನನಗೂ ಹೆಮ್ಮೆಯಾಗಿತ್ತು. 2025ರ ಜನವರಿ ಚಳಿಯಲ್ಲಿ ಅದೇ ಗುಲಾಬಿ ಸೀರೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತವು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಬಂದ ಮೇಲೆ ಎದ್ದರು.

ನಿನಗೆ ದಾರಿ ಇದು. ಅವ್ವನ ಬ್ಯಾಂಕ್ ಪಾಸ್‌ಬುಕ್ಕಿನ ಒಂದು ವರ್ಷದ ಎಂಟ್ರಿ ಹಾಕಿಸು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ, ಈಕೆ ಇಂಥ ವರ್ಷದಿಂದ ಆಶಾ ಆಗಿ ಕೆಲಸ ಮಾಡುತ್ತಿದ್ದಾಳೆ, ಗೌರವಧನ ಖಾತೆಗೆ ಜಮಾ ಆಗುತ್ತದೆ ಅಂತ ಒಂದು ಪತ್ರ ಬರೆಸಿಕೋ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಹೇಗೂ ಇರುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ಮ್ಯಾನೇಜರರನ್ನೇ ನೇರ ಕಾಣು, ಕೌಂಟರಿನಲ್ಲಿ ಕೊಡಬೇಡ. ಏನಾಯಿತು ಅಂತ ನನಗೆ ಬರೆ.

ಸೇಡಂ ಕಡೆ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. 16,000 ಪಗಾರದಲ್ಲಿ ಇಎಸ್‌ಐ ಅಂತ 120 ರೂಪಾಯಿ ಮುರಿಯುತ್ತಾರೆ. ಬಿಪಿಎಲ್ ಕಾರ್ಡೂ ಇದೆ. ಸುಮ್ನೆ ಯಾಕೆ ಕೊಡಬೇಕು?
— ಓದುಗರು, ಸೇಡಂ

ಮುರಿಯಲಿ ಬಿಡಿ ತಮ್ಮಾ. ನಿಮ್ಮ 120ಕ್ಕೆ ಮಾಲೀಕ 520 ಸೇರಿಸುತ್ತಾನೆ. ನಿಮ್ಮದು 0.75 ಪರ್ಸೆಂಟ್, ಅವನದ್ದು 3.25. ತಿಂಗಳಿಗೆ 21,000ದವರೆಗೆ ಪಗಾರ ಇರುವವರಿಗೆ ಇದು ಕಾನೂನು. ಕಾಯಿಲೆ ಬಿದ್ದು ಕೆಲಸ ತಪ್ಪಿದರೆ ಪಗಾರದ ಒಂದು ಭಾಗವೂ ಸಿಗುತ್ತದೆ, ಅದು ಬಿಪಿಎಲ್‌ನವರಿಗೆ ಚಿಕಿತ್ಸೆಯ ಖರ್ಚು ಕೊಡುವ ಆಯುಷ್ಮಾನ್ ಕಾರ್ಡಿನಲ್ಲಿ ಸಿಗುವುದಿಲ್ಲ. ಕಲಬುರಗಿಯ ಇಎಸ್‌ಐ ಆಸ್ಪತ್ರೆ ನಿಮ್ಮಂಥವರ ರೊಕ್ಕದಲ್ಲೇ ಎದ್ದದ್ದು, ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ. ಒಂದೇ ಎಚ್ಚರ. ಮುರಿದದ್ದನ್ನು ಗುತ್ತಿಗೆದಾರ ಕಟ್ಟಿದ್ದಾನೋ ಇಲ್ಲವೋ ಅಂತ ನಿಮ್ಮ ಇಎಸ್‌ಐ ನಂಬರ್ ಹಾಕಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಬಡವರಿಗೆ 5 ಲಕ್ಷದ ಕಾರ್ಡ್ ಕೊಟ್ಟಾಯಿತು. ಬೇಕಾದ ಖಾಸಗಿ ಆಸ್ಪತ್ರೆಗೆ ಹೋಗಲಿ. ಇನ್ನು ಸರ್ಕಾರಿ ದವಾಖಾನೆಗಳನ್ನು ಸಾಕುವುದು ದಂಡ ಅಲ್ಲವೇ? ಸಿಟ್ಟಿಗೇಳಬೇಡಿ.
— ನಿವೃತ್ತ ಶಿಕ್ಷಕರು, ಜೇವರ್ಗಿ

ಸಿಟ್ಟು ಬಂತು ಸರ್. ಚಹಾ ಕುಡಿದು ಬಂದು ಬರೆಯುತ್ತಿದ್ದೇನೆ.

ಆ ಕಾರ್ಡಿನ ಕೆಲಸವೇ ಬೇರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಇದು ವಿಮಾ ಕಂಪನಿಗೆ ಪ್ರೀಮಿಯಂ ಕಟ್ಟಿ ನಡೆಸುವುದಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಸರ್ಕಾರದ್ದೇ ಒಂದು ಟ್ರಸ್ಟ್ ಆಸ್ಪತ್ರೆಗಳಿಗೆ ಹಣ ಕೊಡುತ್ತದೆ. ಇದರ ಅಜ್ಜಿ ವಾಜಪೇಯಿ ಆರೋಗ್ಯಶ್ರೀ. ಅದು 2010ರಲ್ಲಿ ರಾಜ್ಯದಲ್ಲೇ ಮೊದಲು ಶುರುವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲಿ. ಹೃದಯದ ಆಪರೇಷನ್, ಕ್ಯಾನ್ಸರ್ ಅಂತ ನಮ್ಮ ಹಳ್ಳಿಯವರು ಬೆಂಗಳೂರು ಕಂಡದ್ದೇ ಅದರಿಂದ. ಆ ಯೋಜನೆಯನ್ನು ಹೊಗಳುವವಳು ನಾನು.

ಆದರೆ ಸರ್, ಆ ಕಾರ್ಡ್ ನಡೆಯುವುದು ದೊಡ್ಡ ಕಾಯಿಲೆಗೆ. ಸಕ್ಕರೆ ಕಾಯಿಲೆಗೆ ತಿಂಗಳ ಗುಳಿಗೆ, ಗರ್ಭಿಣಿಯ ತಪಾಸಣೆ, ಕೂಸಿನ ಲಸಿಕೆ, ಕ್ಷಯದ ಕಫ ಪರೀಕ್ಷೆ, ಹಾವು ಕಚ್ಚಿದವನಿಗೆ ಮೊದಲ ಸೂಜಿ, ಇದಕ್ಕೆಲ್ಲ ಜೇವರ್ಗಿಯಲ್ಲಿ ಯಾವ ಖಾಸಗಿ ಆಸ್ಪತ್ರೆ ಕಾಯುತ್ತಾ ಕೂತಿದೆ? ಮತ್ತೆ, ತುರ್ತು ಬಿಟ್ಟರೆ ಖಾಸಗಿಗೆ ಹೋಗಲು ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ ಬೇಕು. ದವಾಖಾನೆಯನ್ನೇ ಮುಚ್ಚಿದರೆ ಚೀಟಿ ಬರೆಯುವವರು ಯಾರು? ಇನ್ನೊಂದು ಮಾತು ಹೊರಗೆ ಹೆಚ್ಚು ಗೊತ್ತಿಲ್ಲ. ಇದೇ ಕಾರ್ಡಿನ ಮೇಲೆ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಟ್ಟರೆ ಆ ಕ್ಲೇಮಿನ ಹಣ ಆ ಆಸ್ಪತ್ರೆಗೇ ಬರುತ್ತದೆ. ಕೋವಿಡ್ ಕಾಲದಲ್ಲಿ ಗಂಟಲ ದ್ರವ ತೆಗೆಯಲು, ಮನೆಮನೆ ಎಣಿಸಲು ಹೋದವರು ಯಾರು ಅನ್ನುವುದನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ನಿಮ್ಮ ಶಾಲೆಯ ಮಾಸ್ತರರೂ ಜೊತೆಗಿದ್ದರಲ್ಲ.

ನೀವು ಇಷ್ಟು ಹೇಳುತ್ತೀರಿ. ನಿಮಗೆ ಹುಷಾರಿಲ್ಲದಾಗ ಎಲ್ಲಿ ಹೋಗುತ್ತೀರಿ? ಸತ್ಯ ಹೇಳಿ.
— ಓದುಗಿ, ಕಲಬುರಗಿ

ಸತ್ಯ ಹೇಳುತ್ತೇನೆ ತಂಗಿ. ಮೊಣಕಾಲು ನೋವಿಗೆ ಖಾಸಗಿಗೆ ಹೋದೆ. ಮೂರು ಸಲಕ್ಕೆ 11,000 ಕಳೆದೆ, ನೋವು ಅಲ್ಲೇ ಇದೆ. ಯಜಮಾನರಿಗೆ ಎದೆ ನೋವು ಬಂದಾಗ ಮಾತ್ರ ನೇರ ಸರ್ಕಾರಿ ಹೃದಯದ ದವಾಖಾನೆ ಜಯದೇವಕ್ಕೆ ಕರೆದುಕೊಂಡು ಹೋದೆವು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುವ ಕಾಲ ಇತ್ತು, ಈಗ ಇಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಅದರ ಹೊಸ ಕಟ್ಟಡ ಶುರುವಾದಾಗ 371 ಹಾಸಿಗೆ ಇಟ್ಟರು, 371(ಜೆ) ನೆನಪಿಗೆ. ನಮ್ಮವರು ಹಾಸಿಗೆ ಮೇಲೆ ಮಲಗಿಕೊಂಡೇ, 'ನನ್ನದು ಎಷ್ಟನೇ ನಂಬರು, ಜೆ ಏನಾದ್ರೂ ಬಂತಾ' ಅಂತ ಕೇಳುತ್ತಿದ್ದರು. ಆಗಲೇ ಗೊತ್ತಾಯಿತು, ಉಳಿಯುತ್ತಾರೆ ಅಂತ.

ಬಿ.ಪಿ. ಗುಳಿಗೆ ನಾನು ಈಗಲೂ ಸರ್ಕಾರಿ ದವಾಖಾನೆಯಲ್ಲೇ ತರುವುದು. ಪ್ಲಾಸ್ಟಿಕ್ ಚೀಲ, ಪುಸ್ತಕ ಹಿಡಿದು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ. ಹೋದ ವಾರ ಗುಳಿಗೆ ಮುಗಿದಿತ್ತು. ಕಿಟಕಿಯ ಆ ಕಡೆ ಇದ್ದ ಹುಡುಗ ನಾನು ಸರ್ವಿಸ್‌ನಲ್ಲಿದ್ದಾಗಲೇ ಗುತ್ತಿಗೆಗೆ ಸೇರಿದವನು, ಇನ್ನೂ ಗುತ್ತಿಗೆಯಲ್ಲೇ ಇದ್ದಾನೆ. 'ಮೇಡಂ, ಇಂಡೆಂಟ್ ಕಳಿಸಿದ್ದೇವೆ, ಸೋಮವಾರ ಬನ್ನಿ' ಅಂದ. ಇಂಡೆಂಟ್ ನಂಬರ್ ಎಷ್ಟು ಅಂತ ಕೇಳಿದೆ. ನಕ್ಕ. ಹತ್ತು ಗುಳಿಗೆ ಹೊರಗೆ ಕೊಂಡುಕೊಂಡು ಬಂದಿದ್ದೇನೆ, ಸೋಮವಾರದವರೆಗೆ ಸಾಲುತ್ತವೆ.